ಕಕ್ಕಬ್ಬೆಯ ಹೋಂಸ್ಟೇಗೆ ಯೀ2 ಡೇಟ್ ಪಿಕರ್ ಕೂರಿಸಿದ್ದು: ನನ್ನ ಅನುಭವ

ಕೊಡಗಿನ ಕಕ್ಕಬ್ಬೆ ಹತ್ತಿರದ ಹೋಂಸ್ಟೇಯೊಂದಕ್ಕೆ ಬುಕಿಂಗ್ ಪುಟ ಮಾಡಿಕೊಡಲು ಒಪ್ಪಿಕೊಂಡಾಗ ಬೆಂಗಳೂರಿನ ಗೆಳೆಯರು ತಲೆ ಅಲ್ಲಾಡಿಸಿದರು. "ಯೀ2ನಾ? ಜೊತೆಗೆ ಜೆಕ್ವೆರಿ ಯುಐ ಬೇರೆನಾ? ಎಲ್ಲ ಬಿಸಾಕಿ ರಿಯಾಕ್ಟ್‌ನಲ್ಲಿ ಬರಿ" ಅಂದರು. ಯೀ2 ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು. ಪುಟದಲ್ಲಿ ದಿನ ಆರಿಸುವ ಕ್ಯಾಲೆಂಡರ್, ಅಂದರೆ ಡೇಟ್ ಪಿಕರ್, ಬರುವುದು ಜೆಕ್ವೆರಿ ಯುಐ ಎಂಬ ಹಳೆಯ ಜಾವಾಸ್ಕ್ರಿಪ್ಟ್ ಸಂಗ್ರಹದಿಂದ. ಹೋಂಸ್ಟೇ ಯಜಮಾನರ ಅನುಮಾನ ಬೇರೆ. "ನಮ್ಮ ಡೈರಿ ಸಾಕು ಮಾರಾಯ. ಪುತ್ತರಿ ಯಾವತ್ತು ಅಂತ ನಿನ್ನ ಕಂಪ್ಯೂಟರ್‌ಗೆ ಗೊತ್ತುಂಟಾ?" ಪುತ್ತರಿ ಅಂದರೆ ಕೊಡಗಿನ ಸುಗ್ಗಿ ಹಬ್ಬ. ಯಜಮಾನರಿಗೆ ಸರಿಯಾದ ಉತ್ತರ ಕೊಡುವಷ್ಟರಲ್ಲಿ ಒಂದು ಇಡೀ ಮಳೆಗಾಲ ಹೋಯಿತು. ಈಗ ಅದೇ ಕ್ಯಾಲೆಂಡರ್ ಎರಡು ಸೀಸನ್ ಓಡಿದೆ. ಡಬಲ್ ಬುಕಿಂಗ್ ಒಂದೂ ಆಗಿಲ್ಲ.

ಮೊದಲು ಅವರು ರೆಡಿಮೇಡ್ ಬುಕಿಂಗ್ ಸೇವೆಯೊಂದರಲ್ಲಿದ್ದರು. ಕಮಿಷನ್ ನೂರಕ್ಕೆ ಹದಿನೈದರ ಆಸುಪಾಸು. 3,000 ರೂಪಾಯಿ ಕೋಣೆಗೆ 450 ಹೋಯಿತು ಅಲ್ವಾ? ಅದೂ ಹೋಗಲಿ ಅಂದರೆ, ಮನೆಯಲ್ಲಿ ಹಬ್ಬ ಇದ್ದ ದಿನವೇ ಬುಕಿಂಗ್ ತಗೊಂಡು ಕೂರುತ್ತಿತ್ತು. ನಾನು ಕೇಳಿದ್ದು ಒಟ್ಟು 18 ಸಾವಿರ. ಹೋಸ್ಟಿಂಗ್‌ಗೆ ವರ್ಷಕ್ಕೆ ಮೂರು ನಾಲ್ಕು ಸಾವಿರ ಬೇರೆ. ಅವರ ಲೆಕ್ಕದಲ್ಲಿ ನನ್ನ ಹಣ ಒಂದೇ ಸೀಸನ್‌ನಲ್ಲಿ ಹುಟ್ಟಿತು.

ಕಂಪೋಸರ್‌ನಲ್ಲಿ (ಪಿಎಚ್‌ಪಿ ಪ್ಯಾಕೇಜ್ ತರಿಸುವ ಸಾಧನ) ಯೀ2ಗೆ ಜೆಕ್ವೆರಿ ಯುಐ ಜೋಡಿಸುವ ಜೆಯುಐ ಎಕ್ಸ್‌ಟೆನ್ಶನ್ ಹಾಕುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ತಲೆ ತಿಂದದ್ದು ದಿನಾಂಕದ ಫಾರ್ಮ್ಯಾಟ್. ಜೆಕ್ವೆರಿ ಯುಐಗೆ ಎರಡು ವೈ ಕೊಟ್ಟರೆ ನಾಲ್ಕಂಕಿಯ ವರ್ಷ. ಪಿಎಚ್‌ಪಿಗೆ ದೊಡ್ಡಕ್ಷರದ ಒಂದು ವೈ ಸಾಕು. ಯೀ2 ತಾನಾಗಿ ಹಿಡಿಯುವ ಐಸಿಯು ಮಾದರಿಯಲ್ಲಿ ಸಣ್ಣಕ್ಷರದ ಎಂ ಅಂದರೆ ನಿಮಿಷ, ತಿಂಗಳಿಗೆ ದೊಡ್ಡಕ್ಷರ ಬೇಕು. ಕ್ಲೈಂಟ್‌ಆಪ್ಶನ್ಸ್ (ಜೆಕ್ವೆರಿ ಯುಐಗೆ ಹೋಗುವ ಸೆಟ್ಟಿಂಗ್‌ಗಳು) ಒಳಗೆ ಫಾರ್ಮ್ಯಾಟ್ ಬರೆದರೆ ಪ್ರಯೋಜನವಿಲ್ಲ, ಯೀ2 ವಿಜೆಟ್ ತನ್ನದೇ ಡೇಟ್‌ಫಾರ್ಮ್ಯಾಟ್ ತಂದು ಅದರ ಮೇಲೆ ಬರೆದುಬಿಡುತ್ತದೆ. ಹಾಗಾಗಿ ಹೊರಗಿನ ಡೇಟ್‌ಫಾರ್ಮ್ಯಾಟ್‌ಗೇ 'ಪಿಎಚ್‌ಪಿ:' ಅಂತ ಮುಂದೆ ಸೇರಿಸಿ ಕೊಟ್ಟೆ. ಕಣ್ಣಿಗೆ ಕಾಣುವುದು ದಿನ-ತಿಂಗಳು-ವರ್ಷ. ಡೇಟಾಬೇಸ್‌ಗೆ ಹೋಗುವುದು ಆಲ್ಟ್‌ಫೀಲ್ಡ್ ಮೂಲಕ, ಅಡಗಿಸಿಟ್ಟ ಇನ್ನೊಂದು ಫೀಲ್ಡ್‌ನಿಂದ, ವರ್ಷ-ತಿಂಗಳು-ದಿನ. ಸರ್ವರ್‌ನಲ್ಲಿ ತಿರುಗಾಮುರುಗಾ ಮಾಡುವ ಕೆಲಸವೇ ಇಲ್ಲ.

ಇನ್ನು ದಿನಗಳನ್ನು ಮುಚ್ಚುವುದು. ಯಾವ ದಿನ ತೆರೆದಿದೆ, ಯಾವುದು ಮುಚ್ಚಿದೆ ಅಂತ ಹೇಳುವ ಬಿಫೋರ್‌ಶೋಡೇ ಫಂಕ್ಷನ್ ಸುಮ್ನೆ ಕೊಟ್ಟರೆ ಯೀ2 ಅದನ್ನು ಬರೀ ಸ್ಟ್ರಿಂಗ್ ಅಂದುಕೊಳ್ಳುತ್ತದೆ. ಇದು ಕೋಡ್ ಅಂತ ತಿಳಿಸುವ ಜೆಎಸ್‌ಎಕ್ಸ್‌ಪ್ರೆಶನ್ ಒಳಗೆ ಸುತ್ತಿ ಕೊಡಬೇಕು. ಅಷ್ಟಾದ ಮೇಲೂ ಒಂದು ವಿಚಿತ್ರ ಕಾಣಿಸಿತು. ಅಕ್ಟೋಬರ್ 17 ಮುಚ್ಚಿ ಅಂದರೆ 18 ಮುಚ್ಚುತ್ತಿತ್ತು, 17 ತೆರೆದೇ ಇತ್ತು! ಎಲ್ಲ ಕಡೆ ಸಿಗುವ ಮಾದರಿ ಕೋಡ್ ದಿನಾಂಕವನ್ನು ಐಎಸ್‌ಒ ಸ್ಟ್ರಿಂಗ್ ಮಾಡಿ ಹೋಲಿಸುತ್ತದೆ. ಆ ಫಂಕ್ಷನ್ ಕೊಡುವುದು ಯುಟಿಸಿ ಸಮಯ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಜೆಕ್ವೆರಿ ಯುಐದೇ ಫಾರ್ಮ್ಯಾಟ್‌ಡೇಟ್ ಬಳಸಿದೆ, ಎಲ್ಲ ಸರಿಹೋಯಿತು. ಸರ್ವರ್ ಕೂಡ ಯುಟಿಸಿಯಲ್ಲೇ ಇತ್ತು. ಬೆಳಗಿನ ಜಾವ ಐದೂವರೆವರೆಗೂ ಅದಕ್ಕೆ ನಿನ್ನೆಯೇ ಇವತ್ತು. ಕಾನ್ಫಿಗ್‌ನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಹಾಕಿ ಮುಗಿಸಿದೆ.

ಈಗ ಪುತ್ತರಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಸೆಪ್ಟೆಂಬರ್ 3 ಇದೆ. ತುಲಾ ಸಂಕ್ರಮಣ ಸಾಮಾನ್ಯವಾಗಿ ಅಕ್ಟೋಬರ್ 17. ಈ ದಿನಗಳಲ್ಲಿ ಮನೆಯವರೆಲ್ಲ ಕುಟುಂಬದ ಮೂಲಮನೆಯಾದ ಐನ್‌ಮನೆಗೋ ತಲಕಾವೇರಿಗೋ ಹೋಗುತ್ತಾರೆ, ಅತಿಥಿಗಳನ್ನು ನೋಡಿಕೊಳ್ಳುವವರು ಯಾರು? ಪುತ್ತರಿಗೆ ಮಾತ್ರ ಇಂಥ ತಾರೀಕು ಇಲ್ಲ. ಹುಣ್ಣಿಮೆ, ರೋಹಿಣಿ ನಕ್ಷತ್ರದ ಲೆಕ್ಕ ಹಾಕಿ ಪಿಎಚ್‌ಪಿಯಲ್ಲಿ ಒಂದು ಫಂಕ್ಷನ್ ಬರೆದು ನೋಡಿದೆ. ಕೋಡ್ ಓಡಿತು, ಆದರೂ ತೆಗೆದುಹಾಕಿದೆ. ಪುತ್ತರಿಯ ದಿನ, ಕದಿರು ತೆಗೆಯುವ ಮುಹೂರ್ತ ನಿಶ್ಚಯವಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಅಲ್ಲಿ ಹೇಳಿದ್ದೇ ಕೊನೆ ಮಾತು, ನನ್ನ ಫಂಕ್ಷನ್‌ಗೆ ಅಲ್ಲಿ ಕೆಲಸವಿಲ್ಲ. ಅದಕ್ಕೆ ಒಂದು ಟೇಬಲ್ ಮಾಡಿದೆ: ಯಾವತ್ತಿಂದ, ಯಾವತ್ತಿನವರೆಗೆ, ಏಕೆ. ದಿನ ಗೊತ್ತಾದ ತಕ್ಷಣ ಯಜಮಾನರೇ ಮೊಬೈಲ್‌ನಲ್ಲಿ ಹಾಕುತ್ತಾರೆ. ಕಾಫಿ ಕುಯ್ಲಿನ ವಾರಗಳು, ಮಳೆಗೆ ರಸ್ತೆ ಕುಸಿದ ದಿನಗಳು, ಎಲ್ಲ ಅದೇ ಟೇಬಲ್‌ಗೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದವರಿಗೆ ಈ ಸೌಲಭ್ಯ ಏಕೆ ಬೇಕು ಅಂತ ಹೇಳಬೇಕಾಗಿಲ್ಲ.

ನಡುವೆ ಬ್ರೌಸರ್‌ನ ಸ್ವಂತ ಡೇಟ್ ಇನ್‌ಪುಟ್ ಕೂಡ ಪರೀಕ್ಷಿಸಿದೆ. ಹಗುರ, ಮೊಬೈಲ್‌ನಲ್ಲಿ ಚಂದ. ಆದರೆ ಮೊದಲ ದಿನ, ಕೊನೆಯ ದಿನ ಹೇಳಬಹುದೇ ಹೊರತು ನಡುವಿನ ಒಂದು ದಿನ ಮುಚ್ಚಲು ಬರುವುದಿಲ್ಲ. ತಿಂಗಳು ಬದಲಿಸಿದಾಗೆಲ್ಲ ಅಜಾಕ್ಸ್‌ನಲ್ಲಿ (ಪುಟ ಮತ್ತೆ ತೆರೆಯದೆ ಸರ್ವರ್‌ನಿಂದ) ಮುಚ್ಚಿದ ದಿನಗಳ ಪಟ್ಟಿ ತರಿಸುವ ಆಟವನ್ನೂ ಆಡಿದೆ. ತೋಟದೊಳಗೆ ಸಿಗ್ನಲ್ ಒಂದು ಕಡ್ಡಿ ಇದ್ದಾಗ ಕ್ಯಾಲೆಂಡರ್ ಖಾಲಿ ನಿಲ್ಲುತ್ತಿತ್ತು. ಆರು ತಿಂಗಳ ಪಟ್ಟಿಯನ್ನು ಪುಟದ ಜೊತೆಗೇ ಕಳಿಸಿದೆ, ನಾಲ್ಕೈದು ಕೆಬಿ ಅಷ್ಟೇ. ಮೊಬೈಲ್‌ನಲ್ಲಿ ಫೀಲ್ಡ್ ಮುಟ್ಟಿದರೆ ಕೀಬೋರ್ಡ್ ಎದ್ದು ಕ್ಯಾಲೆಂಡರ್ ಮುಚ್ಚುತ್ತದೆ. ಫೀಲ್ಡ್‌ಗೆ ರೀಡ್‌ಓನ್ಲಿ ಕೊಡಿ, ಪಿಕರ್ ಆಗಲೂ ತೆರೆಯುತ್ತದೆ.

ಹೊರಡುವ ದಿನದ ವಿಷಯಕ್ಕೆ ಗಮನ ಕೊಡಿ. ಒಬ್ಬರು ಬೆಳಿಗ್ಗೆ ಬಿಟ್ಟ ಕೋಣೆಗೆ ಮಧ್ಯಾಹ್ನ ಇನ್ನೊಬ್ಬರು ಬರಬಹುದು. ಲೆಕ್ಕ ಹಿಡಿಯಬೇಕಾದ್ದು ರಾತ್ರಿಗಳನ್ನು. ಹಳೆ ಬುಕಿಂಗ್‌ನ ಬರುವ ದಿನ ಹೊಸದರ ಹೊರಡುವ ದಿನಕ್ಕಿಂತ ಮುಂಚೆ ಇದ್ದು, ಹಳೆಯದರ ಹೊರಡುವ ದಿನ ಹೊಸದರ ಬರುವ ದಿನದ ನಂತರ ಇದ್ದರೆ ಮಾತ್ರ ಡಿಕ್ಕಿ. ಈ ತಪಾಸಣೆ ಪಿಕರ್‌ನಲ್ಲಿ ಇದ್ದರೆ ಸಾಲದು, ಸರ್ವರ್‌ನಲ್ಲಿ ಮಾಡೆಲ್‌ನ ರೂಲ್ಸ್‌ನಲ್ಲೂ ಬೇಕು, ಟ್ರಾನ್ಸಾಕ್ಷನ್ ಒಳಗೆ ಡೇಟಾಬೇಸ್‌ನ ಸಾಲಿಗೆ ಲಾಕ್ ಹಾಕಿ. ಆ ಅರ್ಧ ಖಾಲಿ ದಿನವನ್ನು ಕ್ಯಾಲೆಂಡರ್‌ನಲ್ಲಿ ಅರ್ಧ ಬಣ್ಣದಲ್ಲಿ ತೋರಿಸುತ್ತೇನೆ, ನೋಡಿದವರೆಲ್ಲ ಅದನ್ನೇ ಕೇಳುತ್ತಾರೆ. ಅದರ ಸಿಎಸ್ಎಸ್ ಇಲ್ಲಿ ಕೊಡುವುದಿಲ್ಲ, ಅದರಿಂದಲೇ ನನಗೆ ಮುಂದಿನ ಕೆಲಸ ಸಿಗುತ್ತಿರುವುದು.

ಸೋಮವಾರಪೇಟೆ ಕಡೆಯ ಇಬ್ಬರು ಈಗ ಇದನ್ನೇ ಕೇಳಿದ್ದಾರೆ. ಅವರಲ್ಲಿ ಕೋಣೆ ಜಾಸ್ತಿ, ಹಾಗಾಗಿ ಇದೆ-ಇಲ್ಲ ಅಂದರೆ ಸಾಲದು, ಎಷ್ಟು ಖಾಲಿ ಅಂತ ತೋರಿಸಬೇಕು. ಬಿಫೋರ್‌ಶೋಡೇ ಹಿಂದಿರುಗಿಸುವ ಮೂರನೇ ಮೌಲ್ಯ ಟೂಲ್‌ಟಿಪ್ ಆಗುತ್ತದೆ, ಆದರೆ ಮೊಬೈಲ್‌ನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ದಿನ ಆರಿಸಿದಾಗ ಓಡುವ ಆನ್‌ಸೆಲೆಕ್ಟ್‌ನಲ್ಲಿ ಕ್ಯಾಲೆಂಡರ್ ಕೆಳಗೆ "2 ಕೋಣೆ ಖಾಲಿ" ಅಂತ ಬರೆಸುತ್ತಿದ್ದೇನೆ. ಅದಕ್ಕೆ ಕೇಳಿರುವುದು ತಲಾ 22 ಸಾವಿರ, ಅರ್ಧ ಮುಂಗಡ ಬಂದಿದೆ.