ಹಿಕ್ಕೆ ಎಣಿಸಿ ಮೋಸಹೋದೆ

ನಮ್ಮೂರ ಗಾಯರಾಣದಲ್ಲಿ, ಅಂದ್ರೆ ಊರ ದನ ಮೇಯುವ ಸಾರ್ವಜನಿಕ ಜಾಗದಲ್ಲಿ, ಒಂದು ದಿಂಡಿಗದ ಗಿಡ ಇದೆ. ಮೊದಲ ಸಲ ನೋಡಿದಾಗ ಮೊಣಕಾಲಿನಷ್ಟು ಎತ್ತರ ಇತ್ತು. ಎರಡು ವರ್ಷದ ಸಸಿ ಇರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸಂಜೆ ಸುಮ್ನೆ ಕೂತಿದ್ದಾಗ ಬುಡದ ಮುರಂ ಮಣ್ಣು ಕೈಯಿಂದ ಸರಿಸಿದೆ. ಒಳಗೆ ನನ್ನ ಮಣಿಕಟ್ಟಿನಷ್ಟು ದಪ್ಪದ ಬೇರಿನ ಗಂಟು! ಮಳೆ ಬಂದಾಗಲೆಲ್ಲ ಚಿಗುರಿದೆ, ಚಿಗುರಿದಾಗಲೆಲ್ಲ ಆಡಿನ ಬಾಯಿಗೆ ಸಿಕ್ಕಿದೆ, ಮತ್ತೆ ಪಕ್ಕದಿಂದ ಚಿಗುರಿದೆ. ಅದರ ವಯಸ್ಸು ನನ್ನ ವಿದ್ಯಾರ್ಥಿಗಳಿಗಿಂತ ಜಾಸ್ತಿ ಇದ್ದರೂ ಇರಬಹುದು. ‘ಎರಡು ವರ್ಷ’ ಅಂತ ಬರೆದದ್ದನ್ನು ಹೊಡೆದು ಹಾಕಿದೆ. ದನ, ಆಡು ಮೇಯುವುದರಿಂದ ಗಿಡಗಳ ವೈವಿಧ್ಯ ಏನಾಗುತ್ತದೆ ಅಂತ ಅಳೆಯುವ ನನ್ನ ಕೆಲಸ ಶುರುವಾದದ್ದು ಅಲ್ಲಿಂದಲೇ.

ನಾನು ಜೀವಶಾಸ್ತ್ರದ ಮೇಷ್ಟ್ರು. ಊರು ಚಿಂಚೋಳಿ ತಾಲೂಕಿನ ಕೊಂಚಾವರಂ ಕಡೆ. ಇಲ್ಲಿನ ಕಾಡಿಗೆ 2011ರಲ್ಲಿ ಅಭಯಾರಣ್ಯ ಅನ್ನೋ ಹೆಸರು ಬಂತು. ಅದರೊಳಗೆ ಅಳತೆ ಮಾಡಬೇಕಂದ್ರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಾನು ಹೊರಗಿನ ಗಾಯರಾಣದ ಗುಡ್ಡವನ್ನೇ ಆರಿಸಿಕೊಂಡೆ. ಮುತ್ತುಗ, ದಿಂಡಿಗ, ಕಕ್ಕೆ, ಸೀತಾಫಲ, ಬಾರಿ ಎಲ್ಲ ಅಲ್ಲೂ ಇವೆ. ತಾಂಡಾದ ಆಡುಗಳು, ಊರ ದನಗಳು, ಒಮ್ಮೊಮ್ಮೆ ಕುರಿ ಹಿಂಡು ಎಲ್ಲ ಅಲ್ಲೇ ಮೇಯುತ್ತವೆ.

ಸಾಮಾನು ಹೆಚ್ಚೇನಿಲ್ಲ. ನೈಲಾನ್ ಹಗ್ಗ, ಮೊಳೆ, ದರ್ಜಿ ಟೇಪು, ಹಳೇ ಪೇಪರು. ಮರಗಳಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ. ಅದರೊಳಗೆ ಪೊದೆಗಳಿಗೆ 5 ಮೀಟರಿನದು, ಹುಲ್ಲು ಮತ್ತು ಸಣ್ಣ ಗಿಡಗಳಿಗೆ 1 ಮೀಟರಿನವು. ಮೂಲೆ ನೆಟ್ಟಗೆ ಬಂತೋ ಇಲ್ಲವೋ ನೋಡಲು ಗೌಂಡಿಗಳ ಉಪಾಯವನ್ನೇ ಬಳಸಿದೆ. ಒಂದು ಬದಿ 6 ಮೀಟರ್, ಇನ್ನೊಂದು ಬದಿ 8 ಮೀಟರ್ ಗುರುತು ಹಾಕಿ, ಅಡ್ಡ ಎಳೆದರೆ ಸರಿಯಾಗಿ 10 ಬರಬೇಕು. ಮರದ ಸುತ್ತಳತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದ್ರೆ ಎದೆಮಟ್ಟದಲ್ಲಿ. ಅಷ್ಟು ಎತ್ತರ ಇಲ್ಲದ ಗಿಡ ಮರದ ಲೆಕ್ಕಕ್ಕೆ ಬರುವುದಿಲ್ಲ, ಸಸಿಗಳ ಪಟ್ಟಿಗೆ ಹೋಗುತ್ತದೆ.

ಮೊದಲ ವಾರವೇ ಒಂದು ತಪ್ಪು ಮಾಡಿದೆ. ಚೌಕಗಳನ್ನೆಲ್ಲ ದಾರಿ ಪಕ್ಕದಲ್ಲಿ, ನೆರಳಿದ್ದಲ್ಲಿ ಹಾಕಿದ್ದೆ. ಬಿಸಿಲಿಗೆ ಹೆದರಿದ್ದೆ ಅಷ್ಟೇ. ದಾರಿ ಪಕ್ಕದಲ್ಲಿ ದನಗಳ ಓಡಾಟವೂ ಜಾಸ್ತಿ ಅಲ್ವಾ, ಲೆಕ್ಕ ಪೂರಾ ಆ ಕಡೆ ವಾಲಿತು. ಆಮೇಲೆ ಗುಡ್ಡದ ನಕ್ಷೆ ಬರೆದು, ಮನೆ ಮನೆಯಾಗಿ ಗೆರೆ ಎಳೆದು, ಜೇಬಿನ ಹತ್ತು ರೂಪಾಯಿ ನೋಟಿನ ಕೊನೆಯ ಎರಡು ಅಂಕಿ ನೋಡಿ ಯಾವ ಮನೆ ಅಂತ ನಿರ್ಧರಿಸಿದೆ. ಕಲ್ಲುಬಂಡೆಯ ತಲೆಯ ಮೇಲೆ ಬಿದ್ದರೂ ಅಲ್ಲಿಗೇ ಹೋಗಬೇಕು, ಅದೇ ನಿಯಮ.

ಗಿಡಗಳ ವೈವಿಧ್ಯ ಅಂದ್ರೆ ಎಷ್ಟು ಜಾತಿ ಅಂತ ಎಣಿಸಿದರೆ ಸಾಕು ಅಂತ ಹುಡುಗರು ಅಂದುಕೊಳ್ಳುತ್ತಾರೆ. ಅವರಿಗೆ ನಾನು ಕೊಡುವ ಲೆಕ್ಕ ಇದು. ಎರಡು ಚೌಕ, ಎರಡರಲ್ಲೂ 100 ಗಿಡ, 5 ಜಾತಿ. ಒಂದರಲ್ಲಿ ಪ್ರತಿ ಜಾತಿಯವು 20. ಇನ್ನೊಂದರಲ್ಲಿ 96 ಗಿಡ ಬರೀ ತಂಗಡಿ, ಉಳಿದ ನಾಲ್ಕು ಜಾತಿ ಒಂದೊಂದು. ಎರಡೂ ಒಂದೇನಾ? ಶ್ಯಾನನ್ ಸೂಚ್ಯಂಕ ಅಂತ ಒಂದಿದೆ, ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶ ಕಳಿಸುವ ಲೆಕ್ಕಕ್ಕೆಂದು ಮಾಡಿದ್ದು. ಪ್ರತಿ ಜಾತಿಯ ಪಾಲನ್ನು ಅದರ ನೈಸರ್ಗಿಕ (ln) ಲಾಗರಿದಮ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಮೈನಸ್ ಚಿಹ್ನೆ ತೆಗೆದರೆ ಆಯಿತು. ಮೊದಲನೆಯದಕ್ಕೆ 1.61 ಬರುತ್ತದೆ, ಎರಡನೆಯದಕ್ಕೆ 0.22. ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಆಗುವ ಕೆಲಸ.

ಮೇಯುವುದರ ಪರಿಣಾಮ ನೋಡಬೇಕಂದ್ರೆ ಬಾಯಿ ತಾಗದ ಜಾಗವೂ ಬೇಕು. ಪಂಚಾಯಿತಿಯವರನ್ನು ಕೇಳಿ ಕೆಲವು ಚೌಕಗಳಿಗೆ ಮುಳ್ಳುತಂತಿ ಸುತ್ತಿದೆ. ತಿಂಗಳೊಳಗೆ ತಂತಿ ಮಾಯ! ಯಾರದೋ ಹೊಲಕ್ಕೆ ಬೇಲಿಯಾಗಿರಬೇಕು. ಆಮೇಲೆ ಬಳ್ಳಾರಿ ಜಾಲಿಯ ಮುಳ್ಳಿನ ಕೊಂಬೆ ಕಡಿದು ಒಟ್ಟಿದೆ. ಅದನ್ನು ಯಾರೂ ಕದಿಯುವುದಿಲ್ಲ. ಗೆದ್ದಲು ಮಾತ್ರ ತಿನ್ನುತ್ತದೆ, ವರ್ಷಕ್ಕೊಮ್ಮೆ ಹೊಸದು ಒಟ್ಟಬೇಕು. ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ. ಜಾಲಿ ಕಾಯಿ ಆಡಿಗೆ ಬಲು ಇಷ್ಟ, ಬೀಜ ಹೊಟ್ಟೆಯೊಳಗೆ ಹಾದು ಹಿಕ್ಕೆಯ ಜೊತೆ ಬಿದ್ದು ಚೆನ್ನಾಗಿ ಮೊಳೆಯುತ್ತದೆ. ಗುಡ್ಡದ ತುಂಬ ಜಾಲಿ ಹಬ್ಬಿದ್ದೇ ಹೀಗೆ.

ಬೇಲಿಯ ಹೊರಗೆ ದನ ಎಷ್ಟು ಬರುತ್ತವೆ ಅಂತ ತಿಳಿಯಲು ಸಗಣಿ, ಹಿಕ್ಕೆ ಎಣಿಸಿದೆ. ತಿಂಗಳಿಗೊಮ್ಮೆ ಎಣಿಸಿ, ಗುಡಿಸಿ, ಮತ್ತೆ ಮುಂದಿನ ತಿಂಗಳು. ಒಂದು ವರ್ಷ ತಪ್ಪದೆ ಮಾಡಿದೆ. ಗ್ರಾಫ್ ಬಹಳ ಚಂದ ಬಂತು. ಬೇಸಿಗೆಯಲ್ಲಿ ಗೆರೆ ಮೇಲೆ, ಮಳೆಗಾಲದಲ್ಲಿ ನೆಲಕ್ಕೆ. ಬೇಸಿಗೆಯಲ್ಲಿ ಮೇವಿಲ್ಲದೆ ದನಗಳು ಕಾಡಿಗೆ ನುಗ್ಗುತ್ತವೆ ಅಂತ ಕಾರಣವನ್ನೂ ಬರೆದುಕೊಂಡೆ.

ತಾಂಡಾದ ಒಬ್ಬ ಹಿರಿಯ ದನಗಾಹಿಗೆ ಅದನ್ನು ತೋರಿಸಿದೆ. ಅವರು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದರು.

‘ಮಳ್ಯಾಗ ಹೊಲದಾಗ ತೊಗರಿ ನಿಂತಿರ್ತದ. ದನ ಅಲ್ಲಿ ಬಿಟ್ರ ನಮ್ಮನ್ನ ಸುಮ್ನ ಬಿಡ್ತಾರೇನ್ರಿ ಸರ? ಆವಾಗ ಇಲ್ಲಿಗ್ಯಾಕ ಬರಂಗಿಲ್ಲ, ಇಲ್ಲಿಗೇ ಬರ್ತೀವಿ.’

ಎಷ್ಟು ಸರಳ! ನಮ್ಮ ಕಲಬುರಗಿ ತೊಗರಿ ನಾಡು. ಜೂನ್, ಜುಲೈಯಲ್ಲಿ ಬಿತ್ತಿದರೆ ಕೊಯ್ಲು ಡಿಸೆಂಬರ್, ಜನವರಿಗೆ. ಕಪ್ಪು ನೆಲದಲ್ಲಿ ಬಿಳಿಜೋಳ ಅದಕ್ಕಿಂತ ತಡ. ಅಲ್ಲಿಯವರೆಗೆ ಹೊಲದ ಬಾಗಿಲು ಮುಚ್ಚಿರುತ್ತದೆ. ಕೊಯ್ಲು ಮುಗಿದ ಮೇಲೆ ದನ, ಆಡು ಎಲ್ಲ ಹೊಲದ ಕೂಳೆ, ಉದುರೆಲೆ ಮೇಯಬಹುದು.

ಹಾಗಾದರೆ ಮಳೆಗಾಲದ ಸಗಣಿ ಎಲ್ಲಿ ಹೋಯಿತು? ಆಗಸ್ಟಿನಲ್ಲಿ ಒಂದು ಹಸಿ ಸಗಣಿಯ ಪಕ್ಕ ಕಡ್ಡಿ ನೆಟ್ಟು ಕೂತೆ. ಸ್ವಲ್ಪ ಹೊತ್ತಿಗೆಲ್ಲ ಸಗಣಿ ಹುಳುಗಳು ಬಂದವು. ಕೆಲವು ಉಂಡೆ ಕಟ್ಟಿ ಹಿಂಗಾಲಲ್ಲಿ ತಳ್ಳಿಕೊಂಡು ಹೊರಟವು, ಕೆಲವು ಅಲ್ಲೇ ಕೆಳಗೆ ಬಿಲ ತೋಡಿದವು. ನಾಲ್ಕನೇ ದಿನ ಹೋದರೆ ತೆಳ್ಳಗಿನ ಹೊಟ್ಟು ಮಾತ್ರ ಇತ್ತು. ಆಡಿನ ಹಿಕ್ಕೆಯೋ, ಒಂದು ಜೋರು ಮಳೆಗೆ ಇಳಿಜಾರಿನಲ್ಲಿ ಕೊಚ್ಚಿಹೋಗಿತ್ತು. ಬೇಸಿಗೆಯಲ್ಲಾದರೆ ಎರಡೂ ಕಲ್ಲಿನಂತೆ ಒಣಗಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಒಂದು ವರ್ಷ ನಾನು ಎಣಿಸಿದ್ದು ಉಳಿದ ಸಗಣಿಯನ್ನು, ಬಂದ ದನಗಳನ್ನಲ್ಲ. ಮುಂದಿನ ವರ್ಷದಿಂದ ವಾರಕ್ಕೊಂದು ದಿನ ಬೆಳಗಿನಿಂದ ಸಂಜೆವರೆಗೆ ಬಂಡೆಯ ಮೇಲೆ ಕೂತು ಕಣ್ಣಾರೆ ತಲೆ ಎಣಿಸಿದೆ. ಗ್ರಾಫ್ ತಲೆಕೆಳಗಾಯಿತು. ಹಳೆಯದನ್ನು ಹರಿದು ಹಾಕಿಲ್ಲ, ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಇದು ಗೊತ್ತಾದ ಮೇಲೆ ಚೌಕಗಳೂ ಅರ್ಥವಾಗತೊಡಗಿದವು. ಬೀಜ ಮೊಳೆಯುವುದು, ಬೇರು ಚಿಗುರುವುದು ಮಳೆಗಾಲದಲ್ಲಿ. ಆಡು ಬರುವುದೂ ಆಗಲೇ. ಹಾಗಾಗಿ ಬೇಲಿಯ ಹೊರಗೆ ದೊಡ್ಡ ಮರ ಇವೆ, ಗೇಣುದ್ದದ ಸಸಿ ಇವೆ, ನಡುವಿನವು ಇಲ್ಲ. ಮನೆಯಲ್ಲಿ ಅಜ್ಜ, ಮೊಮ್ಮಗ ಇದ್ದು ದುಡಿಯುವ ವಯಸ್ಸಿನವರೇ ಇಲ್ಲದಂತೆ. ಚೆನ್ನಾಗಿ ಬೆಳೆದದ್ದು ಅಂದ್ರೆ ಆಡು ಮೂಸಿ ಬಿಡುವಂಥವು: ತಂಗಡಿ, ಎಕ್ಕೆ, ಲಂಟಾನ, ಕಾಂಗ್ರೆಸ್ ಹುಲ್ಲು.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ, ಆದರೂ ಹೇಳಬೇಕು. ಎರಡನೇ ವರ್ಷ ಬೇಲಿಯ ಒಳಗಿನ ಒಂದು ಮೀಟರಿನ ಚೌಕಗಳಲ್ಲಿ ಜಾತಿಗಳ ಸಂಖ್ಯೆ ಕಮ್ಮಿಯಾಯಿತು. ಕಾರಣ ಕರಡ ಅನ್ನೋ ಹುಲ್ಲು. ಮೇಯುವವರಿಲ್ಲದೆ ಸೊಂಟದೆತ್ತರ ಬೆಳೆದು, ಬಿಸಿಲು ತಾಗದಂತೆ ಮಾಡಿ, ನೆಲಕ್ಕಂಟಿ ಬೆಳೆಯುವ ಸಣ್ಣ ಗಿಡಗಳನ್ನು ಮುಚ್ಚಿಬಿಟ್ಟಿತು. ಹೊರಗೆ ಹುಲ್ಲು ಮೊಟಕಾಗಿದ್ದಕ್ಕೆ ಅವೆಲ್ಲ ಇದ್ದವು, ಕಳೆಯೂ ಸೇರಿ. ಬರೀ ಶ್ಯಾನನ್ ಅಂಕಿ ನೋಡಿದವರು ಆಡು ಮೇಯುವುದೇ ಒಳ್ಳೆಯದು ಅಂದುಬಿಡಬಹುದು. ಹೆಸರುಗಳನ್ನು ಓದಬೇಕು. ಅದಕ್ಕೇ ನಾನೀಗ ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿ ಹಾಕುತ್ತೇನೆ: ‘ಆಡು ತಿನ್ನುತ್ತದಾ?’ ಆ ಕಾಲಂ ತುಂಬುವವರು ತಾಂಡಾದವರು. ಅದರಲ್ಲಿ ನನ್ನ ಪುಸ್ತಕಗಳಿಗಿಂತ ಅವರು ಗಟ್ಟಿ.

ಆ ಹಿರಿಯರು ಒಂದು ಮಾತು ಹೇಳಿದ್ದಾರೆ. ಗುಡ್ಡದ ಒಂದು ಮಗ್ಗಲು ಮಳೆಗಾಲಕ್ಕೆ ಬಿಟ್ಟುಕೊಡುತ್ತೇವೆ, ಆದರೆ ಆ ನಾಲ್ಕು ತಿಂಗಳು ಆಡಿಗೆ ಏನು ಹಾಕಬೇಕು ನೀವೇ ಹೇಳಿ ಅಂತ. ನನ್ನ ಹತ್ತಿರ ಉತ್ತರ ಇಲ್ಲ. ಬೇಲಿಯೊಳಗಿನ ಕರಡ ಕೊಯ್ದು ಕೊಡುತ್ತಿದ್ದೇನೆ, ಅದು ಒಂದು ವಾರಕ್ಕೂ ಸಾಲದು.

ದಿಂಡಿಗದ ಆ ಗಿಡವೂ ಮುಳ್ಳಿನ ಬೇಲಿಯೊಳಗೇ ಇದೆ. ಇದು ಮೂರನೇ ಮಳೆಗಾಲ. ಮೊನ್ನೆ ಹೋದಾಗ ಅದರ ನಡುವಿನ ಕುಡಿ 1.37 ಮೀಟರಿನ ಗುರುತು ದಾಟಿತ್ತು. ದರ್ಜಿ ಟೇಪು ಸುತ್ತಿದೆ. ಮೂರು ಸೆಂಟಿಮೀಟರ್. ಸಸಿಗಳ ಪಟ್ಟಿಯಿಂದ ತೆಗೆದು ಮರಗಳ ಪಟ್ಟಿಗೆ ಬರೆದುಕೊಂಡೆ.