ಮಕ್ಕಳಿಗೆ ಮನೆಯಲ್ಲೇ ಓದಿನ ರುಚಿ ಹತ್ತಿಸುವುದು ಹೇಗೆ?

ಕಲಬುರಗಿ ನಗರದಲ್ಲಾಗಲಿ, ಸೇಡಂ, ಚಿತ್ತಾಪುರ, ಜೇವರ್ಗಿಯ ಹಳ್ಳಿಗಳಲ್ಲಾಗಲಿ, ಮಕ್ಕಳು ಸಂಜೆ ಪುಸ್ತಕ ಹಿಡಿದು ಕೂತರೆಂದರೆ ಅದು ಬಹುತೇಕ ಹೋಮ್‌ವರ್ಕ್ ಅಥವಾ ಟ್ಯೂಷನ್ನಿನ ಪಾಠವೇ ಆಗಿರುತ್ತದೆ. ಅಂಕಕ್ಕೆ ಸಂಬಂಧವಿಲ್ಲದ ಪುಸ್ತಕ ಅವರ ಕೈಗೆ ಸಿಗುವುದೇ ಕಡಿಮೆ. ಆದ್ದರಿಂದ ಓದಿನ ರುಚಿ ಹತ್ತಬೇಕಾದರೆ ದಿನದಲ್ಲಿ ಒಂದಿಷ್ಟು ಹೊತ್ತು ಪುಸ್ತಕವನ್ನು ಪಾಠದಿಂದ ಬಿಡಿಸಿ, ಕೇವಲ ಕಥೆ ಕೇಳುವ ಖುಷಿಗೆ ಮೀಸಲಿಡಬೇಕು. ಆ ಹೊತ್ತಿನಲ್ಲಿ ಓದುವವರು ದೊಡ್ಡವರು, ಕೇಳುವವರು ಮಕ್ಕಳು. ಮಗು ತಾನೇ ಓದಲು ಕಲಿತ ಮೇಲೂ, ನಾಲ್ಕನೇ ಐದನೇ ಇಯತ್ತೆಗೆ ಬಂದ ಮೇಲೂ ಇದನ್ನು ನಿಲ್ಲಿಸಬಾರದು. ಏಕೆಂದರೆ ಆ ವಯಸ್ಸಿನಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಗಿಂತ ಬಹಳ ಮುಂದಿರುತ್ತದೆ, ತಾನಾಗಿ ಓದಲಾಗದ ದೊಡ್ಡ ಕಥೆಯನ್ನು ಮಗು ಕಿವಿಯಿಂದ ಸಲೀಸಾಗಿ ಹಿಡಿಯುತ್ತದೆ.

ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಸಾಕು, ಆದರೆ ಅದು ದಿನವೂ ನಡೆಯಬೇಕು. ಟಿ.ವಿ. ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿಬಿಟ್ಟರೆ ಅರ್ಧ ಕೆಲಸ ಆದಂತೆಯೇ. ಮಕ್ಕಳ ಮೊಬೈಲಿಗಿಂತ ದೊಡ್ಡವರ ಮೊಬೈಲೇ ಇಲ್ಲಿ ಹೆಚ್ಚು ಅಡ್ಡಿ ಎಂಬುದನ್ನು ಹೇಳದಿರಲಾಗದು.

ನಮ್ಮ ಭಾಗದ ಮಕ್ಕಳಿಗೆ ನಿಜವಾದ ತೊಡಕು ಬರುವುದು ಭಾಷೆಯಲ್ಲಿ. ಪುಸ್ತಕದಲ್ಲಿ ‘ಅಜ್ಜಿ ರೊಟ್ಟಿ ಮಾಡುತ್ತಿದ್ದಳು’ ಎಂದಿದ್ದರೆ ಮಗು ಮನೆಯಲ್ಲಿ ಕೇಳುವುದು ‘ಆಯಿ ರೊಟ್ಟಿ ಬಡೀಲಾಕತ್ತಿದ್ಳು’ ಎಂದು. ಓದುವಾಗ ಮೊದಲು ಪುಸ್ತಕದ ವಾಕ್ಯವನ್ನು ಇದ್ದಂತೆಯೇ ಓದಿ, ಮಗುವಿನ ಮುಖದಲ್ಲಿ ಗೊಂದಲ ಕಂಡರೆ ಅದನ್ನೇ ಮನೆಮಾತಿನಲ್ಲಿ ಹೇಳಿ ಮುಂದೆ ಸಾಗಬೇಕು. ಮಗು ಅದೇ ಕಥೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವಾಗ ‘ಪುಸ್ತಕದಾಗ ಹಂಗಿಲ್ಲ’ ಎಂದು ತಿದ್ದಬಾರದು. ಕಥೆ ಒಳಗಿಳಿದಿದೆ ಎಂಬುದಕ್ಕೆ ಆ ಮನೆಮಾತೇ ಗುರುತು. ದಖನಿ ಉರ್ದು, ಲಂಬಾಣಿ, ತೆಲುಗು ಅಥವಾ ಮರಾಠಿ ಆಡುವ ಮನೆಗಳಲ್ಲಿಯೂ ಕನ್ನಡದಲ್ಲಿ ಓದಿ, ಅದರ ಬಗ್ಗೆ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರೆ ಯಾವ ನಷ್ಟವೂ ಇಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲಿಯೂ ಉರ್ದು, ತೆಲುಗು, ಮರಾಠಿಗಳಲ್ಲಿಯೂ ಉಚಿತವಾಗಿ ಸಿಗುತ್ತವೆ. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಮುದ್ರಿಸಿಕೊಂಡು ಜೊತೆಗಿಟ್ಟು ಓದಬಹುದು.

ತಂದೆತಾಯಿಗೆ ಓದು ಬರಹ ಬಾರದಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಅವ್ವ ಜೋಳ ಹಸನ ಮಾಡುತ್ತ ಕೂತಾಗ ಮಗ ಪಕ್ಕದಲ್ಲಿ ಕೂತು ಓದಲಿ. ಅವಳು ‘ಮುಂದ ಏನಾತೋ ತಮ್ಮಾ?’ ಎಂದು ಕೇಳಿದರೆ ಸಾಕು, ಕೇಳುವವರಿದ್ದಾರೆಂಬ ಹುಮ್ಮಸ್ಸಿಗೇ ಅವನು ಪುಟ ತಿರುವುತ್ತಾನೆ. ಮುತ್ಯಾ ಹೇಳುವ ಒಡಪುಗಳನ್ನು ಮಕ್ಕಳಿಂದಲೇ ಬರೆಸಿ ಓದಿಸಬಹುದು. ಇನ್ನೂ ಸರಿಯಾಗಿ ಬರೆಯಲು ಬಾರದ ಚಿಕ್ಕವರಿಗೆ, ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದದ್ದನ್ನು ಹೇಳಲು ಹಚ್ಚಿ, ಅಕ್ಕನೋ ಅಣ್ಣನೋ ಆ ಮಾತನ್ನು ಒಂದಕ್ಷರವೂ ಬದಲಿಸದೆ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಡಬೇಕು. ‘ಕಾಕಾ ಬಜ್ಜಿ ಎಲ್ಲಾ ತಿಂದ’ ಎಂಬ ತನ್ನದೇ ಮಾತು ಹಾಳೆಯ ಮೇಲೆ ಕಂಡಾಗ, ಮುಂದಿನ ಶಬ್ದ ಯಾವುದೆಂದು ಮೊದಲೇ ಗೊತ್ತಿರುವುದರಿಂದ, ಮಗು ಅಂಜಿಕೆಯಿಲ್ಲದೆ ಓದುತ್ತದೆ. ಅಂಥ ಹಾಳೆಗಳನ್ನು ಹೊಲಿದಿಟ್ಟರೆ ಮನೆಯ ಮೊದಲ ಪುಸ್ತಕ ತಯಾರು.

ಮಗು ಗಟ್ಟಿಯಾಗಿ ಓದುವಾಗ ತಡವರಿಸಿದರೆ ತಾಳ್ಮೆ ಬೇಕು. ಕನ್ನಡದಲ್ಲಿ ಗುಣಿತಾಕ್ಷರ ದಾಟಿದವರೂ ಒತ್ತಕ್ಷರದ ಬಳಿ ನಿಲ್ಲುತ್ತಾರೆ, ಅದರಲ್ಲೂ ಅರ್ಕಾವೊತ್ತಿನ ಬಳಿ: ‘ಸೂರ್ಯ’ ಎಂಬಲ್ಲಿ ರಕಾರದ ಗುರುತು ಯಕಾರದ ನಂತರ ಕಾಣುತ್ತದೆ, ಉಚ್ಚಾರದಲ್ಲಿ ಮಾತ್ರ ಅದು ಮೊದಲು ಬರುತ್ತದೆ; ಹೀಗಾಗಿ ‘ಸೂಯರ’ ಎಂದು ಓದುವ ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿರುತ್ತದೆ. ಸ್ವಲ್ಪ ಕಾಯಿರಿ; ಬಾರದಿದ್ದರೆ ಶಬ್ದವನ್ನು ನೀವೇ ಹೇಳಿ ಮುಂದೆ ಹೋಗಲು ಬಿಡಿ. ಬಿಡಿಸಿ ಬಿಡಿಸಿ ಹೇಳಿಸುವುದು, ಹತ್ತು ಸಲ ಬರೆಸುವುದು, ಕಥೆ ಮುಗಿದೊಡನೆ ‘ಇದರ ನೀತಿ ಏನು’ ಎಂದು ಕೇಳುವುದು, ಇವೆಲ್ಲ ಶಾಲೆಗೆ ಇರಲಿ.

ಪುಸ್ತಕಕ್ಕಾಗಿ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡಲಾಗುತ್ತಿದೆ. ಈಗ ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿರುವುದು ಇವೇ ಗ್ರಂಥಾಲಯಗಳು. ಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಚಿತ್ರಪುಸ್ತಕಗಳು ಕಡಿಮೆ ಬೆಲೆಯವು. ಆಯ್ಕೆ ಮಗುವಿನದೇ ಆಗಿರಲಿ. ಅದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೂ, ಅರ್ಧಕ್ಕೆ ಬಿಟ್ಟರೂ, ಪತ್ರಿಕೆಯ ಕ್ರಿಕೆಟ್ ಸುದ್ದಿಯನ್ನಷ್ಟೇ ಓದಿದರೂ ಅಡ್ಡಿಯಿಲ್ಲ. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇರುವುದರಿಂದ ಹಲವು ಮನೆಗಳಲ್ಲಿ ವಚನಗಳ ಪುಸ್ತಕ ಇದ್ದೇ ಇರುತ್ತದೆ. ನಾಲ್ಕಾರು ಸಾಲಿನಲ್ಲಿ ಮುಗಿಯುವ ವಚನ ಎಂಟು ಹತ್ತು ವರ್ಷದವರಿಗೆ ಹಿಡಿಸುವ ಅಳತೆಯದು. ಹರಿಯುತ್ತಾರೆಂದು ಅಲಮಾರಿಗೆ ಕೀಲಿ ಹಾಕದೆ, ಮಗುವಿನ ಕೈಗೆಟುಕುವ ಗೋಡೆಯ ಗೂಡಿನಲ್ಲಿ ಪುಸ್ತಕಗಳನ್ನು ಇಡಬೇಕು.

ಬೇಸಿಗೆ ಇದಕ್ಕೆ ಒಳ್ಳೆಯ ಕಾಲ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಆಗ ಮಕ್ಕಳಿಗೂ ರಜೆ, ನೌಕರಿಯಲ್ಲಿರುವ ಅಪ್ಪ ಅವ್ವಂದಿರೂ ಮಧ್ಯಾಹ್ನವೇ ಮನೆಯಲ್ಲಿ. ಹೊರಗೆ ಹೋಗಲಾಗದ ಆ ಹೊತ್ತಿನಲ್ಲಿ ಸ್ವಲ್ಪ ದೊಡ್ಡ ಪುಸ್ತಕವನ್ನು ಹಿಡಿದು, ದಿನಕ್ಕೊಂದು ಅಧ್ಯಾಯದಂತೆ ಓದಿ, ಕುತೂಹಲ ಏರಿದ ಜಾಗದಲ್ಲೇ ನಿಲ್ಲಿಸಿ ಮಡಿಚಿಡಬೇಕು. ರಾತ್ರಿಯೊಳಗೆ ಮಗು ಪುಸ್ತಕ ಕದ್ದು ತೆಗೆದು ಮುಂದಿನ ಪುಟ ಓದಿಬಿಟ್ಟರೆ ಬೈಯಬೇಡಿ, ಮರುದಿನ ಅದರ ಬಾಯಿಂದಲೇ ಆ ಭಾಗವನ್ನು ಕೇಳಿಸಿಕೊಳ್ಳಿ.