ವಿಡಿಯೊದೊಳಗಿನ ಚಲನೆಯ ಬಾಣಗಳನ್ನು ನೋಡುವ ಬಗೆ

ಗಾತ್ರ ಕುಗ್ಗಿಸಲು ವಿಡಿಯೊ ಫೈಲು, ಚಿತ್ರದ ಯಾವ ತುಂಡು ಬೇರೆ ಫ್ರೇಮಿಗೆ ಹೋಲಿಸಿದರೆ ಎಷ್ಟು ಸರಿದಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಈ ಚಲನೆಯ ವೆಕ್ಟರ್‌ಗಳನ್ನೇ ಬಾಣಗಳಾಗಿ ನೋಡಬಹುದು. ಮೊದಲು, ವಿಡಿಯೊ ಇಳಿಸುವ ಕಮಾಂಡ್‌ಲೈನ್ ಪ್ರೋಗ್ರಾಮ್ ವೈಟಿ-ಡಿಎಲ್‌ಪಿಗೆ ವಿಡಿಯೊ ಕೊಂಡಿಯ ಜೊತೆ ‘-ದೊಡ್ಡ ಎಫ್’ ಕೊಟ್ಟರೆ ಫಾರ್ಮ್ಯಾಟ್ ಪಟ್ಟಿ ಬರುತ್ತದೆ. ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ‘ಎವಿಸಿ1’ ಎಂದು ಶುರುವಾಗುವ ಸಾಲಿನ ಸಂಖ್ಯೆಯನ್ನು ‘-ಸಣ್ಣ ಎಫ್’ಗೆ ಕೊಟ್ಟು ಇಳಿಸಿಕೊಳ್ಳಿ. ಹಲವರು ಎಡವುವುದು ಇಲ್ಲೇ. ಆಯ್ಕೆ ಮಾಡದಿದ್ದರೆ ಯೂಟ್ಯೂಬಿನಿಂದ ವಿಪಿ9 ಅಥವಾ ಎವಿ1 ಎಂಬ ಬೇರೆ ಕೋಡೆಕ್ ಬರಬಹುದು. ಅವುಗಳ ವೆಕ್ಟರ್‌ಗಳನ್ನು ವಿಡಿಯೊ ಸಂಸ್ಕರಿಸುವ ಸಾಧನ ಎಫ್‌ಎಫ್‌ಎಂಪೆಗ್ ಹೊರಗೆ ಕೊಡುವುದಿಲ್ಲ. ಎರರ್ ಕೂಡ ಬರದೆ ಬಾಣಗಳಿಲ್ಲದೆ ವಿಡಿಯೊ ಸುಮ್ಮನೆ ಓಡುತ್ತದೆ, ಅದೇ ಕಿರಿಕಿರಿ.

ನಂತರ ಎಫ್‌ಎಫ್‌ಎಂಪೆಗ್‌ನದೇ ಪ್ಲೇಯರ್ ಆದ ಎಫ್‌ಎಫ್‌ಪ್ಲೇಯಲ್ಲಿ (ಟೈಪಿಸುವುದು ಇಂಗ್ಲಿಷ್ ಅಕ್ಷರಗಳಲ್ಲೇ) ‘-ಫ್ಲ್ಯಾಗ್ಸ್2 +ಎಕ್ಸ್‌ಪೋರ್ಟ್_ಎಂವಿಎಸ್’, ಫೈಲಿನ ಹೆಸರು, ಕೊನೆಗೆ ‘-ವಿಎಫ್ ಕೋಡೆಕ್‌ವ್ಯೂ=ಎಂವಿ=ಪಿಎಫ್+ಬಿಎಫ್+ಬಿಬಿ’. ಪಿಎಫ್ ಪಿ-ಫ್ರೇಮಿನದು (ಹಿಂದಿನ ಫ್ರೇಮಿನಿಂದ ಊಹಿಸಿದ್ದು), ಉಳಿದೆರಡು ಬಿ-ಫ್ರೇಮಿನವು (ಹಿಂದೆ, ಮುಂದೆ ಎರಡೂ ಕಡೆಯಿಂದ ಊಹಿಸಿದ್ದು). ಬೇರೆ ಫ್ರೇಮನ್ನು ಅವಲಂಬಿಸದ ಐ-ಫ್ರೇಮಿನಲ್ಲಿ ಬಾಣವೇ ಇರದು, ಅದು ದೋಷವಲ್ಲ.

ಫಲಿತಾಂಶ ಉಳಿಸಲು ಎಫ್‌ಎಫ್‌ಎಂಪೆಗ್ ಬಳಸಿ. ಅಲ್ಲಿ ಫ್ಲ್ಯಾಗ್ಸ್2, ಮೂಲ ಫೈಲನ್ನು ಸೂಚಿಸುವ ‘-ಐ’ಗಿಂತ ಮುಂಚೆಯೇ ಬರಬೇಕು. ಸಿಆರ್‌ಎಫ್ (ಗುಣಮಟ್ಟದ ಸಂಖ್ಯೆ, ಕಡಿಮೆಯಾದಷ್ಟೂ ಚೊಕ್ಕ) 18 ಇಡಿ, ಸಂಖ್ಯೆ ತೀರಾ ಹೆಚ್ಚಿಸಿದರೆ ತೆಳು ಬಾಣಗಳು ಕಲಸಿಹೋಗುತ್ತವೆ.